ಹೇಗಾದರೂ ಖಾಲಿ ಮಾಡು

ಫರ್ವಾನಿಯಾ
೩ ಡಿಸೆಂಬರ್ ೨೦೨೪

ಲಾಯ್ಡ್,

ಅಕ್ಕನ ನಂಬರನ್ನೇ ಬ್ಲಾಕ್ ಮಾಡಿದ್ದೀ. ಮೊನ್ನೆ ಸಲ್ವಾದ ನಿನ್ನ ಮನೆಗೇ ಬಂದು ಬೆಲ್ ಒತ್ತಿದೆ. ಒಳಗೆ ಟಿ.ವಿ. ಸದ್ದು ಕೇಳುತ್ತಿತ್ತು, ಬಾಗಿಲು ಮಾತ್ರ ತೆರೆಯಲಿಲ್ಲ. ಅದಕ್ಕೇ ಈ ಕಾಗದ. ನಿಮ್ಮ ಬೋಟ್ ಯಾರ್ಡಿನ ನಿಝಾಮ್ ಭಾಯಿ ಇದನ್ನು ನಿನ್ನ ಕೈಗೇ ಕೊಡುತ್ತೇನೆ ಎಂದಿದ್ದಾರೆ. ಹರಿದು ಹಾಕುವುದಾದರೆ ಓದಿ ಹರಿ.

ನಿನ್ನ ಕೈಕೆಳಗೆ ದುಡಿಯುತ್ತಿದ್ದ ಸುಮಿತ್ ಈಗ ನನ್ನ ವಾರ್ಡಿನಲ್ಲಿ ಮಲಗಿದ್ದಾನೆ. ಎರಡೂ ಕೈ, ಕುತ್ತಿಗೆ, ಬಲಗೆನ್ನೆ ಸುಟ್ಟಿವೆ. ಬಿಸಿ ಹೊಗೆ ಒಳಗೆ ಹೋಗಿ ಗಂಟಲು ಊದಿದೆ, ಸ್ವರ ಬರುವುದಿಲ್ಲ. ಬೆಳಿಗ್ಗೆ ಬ್ಯಾಂಡೇಜ್ ಬಿಚ್ಚಿ ತೊಳೆಯುವಾಗ ಅವನು ಮಂಚದ ಸರಳನ್ನು ಮೊಣಕೈಯಿಂದ ಒತ್ತಿ ಹಿಡಿಯುತ್ತಾನೆ. ಕೂಗಲಿಕ್ಕೂ ಆಗದವನ ನೋವನ್ನು ನೋಡುವುದು ಹೇಗಿರುತ್ತದೆ ಎಂದು ನಿನಗೆ ಹೇಳಿ ಪ್ರಯೋಜನವಿಲ್ಲ. ನೀನು ಒಂದು ದಿನವೂ ಬರಲಿಲ್ಲವಲ್ಲ.

ನಿನ್ನೆ ಪೊಲೀಸರು ಬಂದಿದ್ದರು, ಜೊತೆಗೆ ಅವರ ಅರಬಿಯನ್ನು ಹಿಂದಿಯಲ್ಲಿ ಹೇಳಲು ಒಬ್ಬ. ಅವನು ಓದಿದ: "ಕೆಲಸಗಾರ ಬೋಟಿನ ಪೆಟ್ರೋಲ್ ಟ್ಯಾಂಕಿನ ಪಕ್ಕ ಸಿಗರೇಟು ಹಚ್ಚಿದ್ದರಿಂದ ಬೆಂಕಿ ಹತ್ತಿತು. ಹೇಳಿಕೆ ಕೊಟ್ಟವರು, ಫೋರ್‌ಮನ್ ಲಾಯ್ಡ್." ನಾನು ಆಗ ಡ್ರಿಪ್ ಬದಲಿಸುತ್ತಿದ್ದೆ. ನಿನ್ನ ಹೆಸರು ಕಿವಿಗೆ ಬಿದ್ದದ್ದೇ ಬಾಟಲಿ ಕೆಳಗಿಟ್ಟು ತಿರುಗಿ ನಿಂತೆ. ಸುಮಿತ್ ತಲೆ ಅಲ್ಲಾಡಿಸುತ್ತಲೇ ಇದ್ದ. ಪೊಲೀಸ್ "ಒಪ್ಪುವುದಿಲ್ಲ" ಎಂದು ಬರೆದುಕೊಂಡು ಹೋದ. ಬೋಟ್ ಸುಟ್ಟದ್ದಕ್ಕೆ ಈಗ ಅವನ ಮೇಲೆಯೇ ಕೇಸು.

ಚಳಿಗಾಲಕ್ಕೆ ಬೋಟ್ ನಿಲ್ಲಿಸುವ ಮೊದಲು ಟ್ಯಾಂಕಿಗೆ ಏನು ಮಾಡಬೇಕೆಂದು ನನಗೂ ಬಾಯಿಪಾಠವಾಗಿದೆ. ನಿನ್ನ ಮನೆಯ ಊಟದ ಮೇಜಿನಲ್ಲಿ ಎಷ್ಟು ಸಲ ಕೇಳಿಸಿಕೊಂಡಿಲ್ಲ? ಹಿಗ್ಗಲು ಒಂದಿಷ್ಟು ಜಾಗ ಬಿಟ್ಟು ಕುತ್ತಿಗೆಯವರೆಗೆ ಪೆಟ್ರೋಲ್ ತುಂಬಿಸಬೇಕು. ಒಳಗೆ ಗಾಳಿ ಉಳಿದರೆ ಇಲ್ಲಿಯ ಸಮುದ್ರದ ಮಂಜಿಗೆ ಟ್ಯಾಂಕಿನ ಗೋಡೆ ಬೆವತು ನೀರು ಸೇರುತ್ತದೆ. ಪೆಟ್ರೋಲ್ ಕೆಡದಂತೆ ಔಷಧಿ ಹಾಕಿ, ಅದು ಎಂಜಿನ್‌ವರೆಗೆ ಹೋಗುವಷ್ಟು ಹೊತ್ತು ಎಂಜಿನ್ ಓಡಿಸಿ, ಮುಚ್ಚಿಬಿಡಬೇಕು. "ಖಾಲಿ ಟ್ಯಾಂಕ್ ಅಂದ್ರೆ ಬಾಂಬು, ಬಾಯ್. ತುಂಬಿದ್ದು ಸುಮ್ನೆ ಕೂತಿರ್ತದೆ" ಎಂದು ಮೀನಿನ ಮುಳ್ಳು ಬಿಡಿಸುತ್ತಾ ಹೇಳಿದವನು ನೀನು.

ಹಾಗಾದರೆ ಸುಮಿತ್ ಯಾಕೆ ಟ್ಯಾಂಕ್ ಖಾಲಿ ಮಾಡುತ್ತಿದ್ದ? ಮಾಡಿಸಿದವರು ಯಾರು?

ಉತ್ತರ ಬರೆ. ಬರೆಯದಿದ್ದರೆ ಯಾರ್ಡಿಗೇ ಬಂದು ಎಲ್ಲರೆದುರು ಕೇಳುತ್ತೇನೆ.

ಡೆಲ್ಮಾ


ಸಲ್ವಾ
೮ ಡಿಸೆಂಬರ್ ೨೦೨೪

ಬಾಯ್,

ನೀನು ನನ್ನ ಅಕ್ಕ, ಪೊಲೀಸಲ್ಲ. ಇದನ್ನು ಮೊದಲು ನೆನಪಿಟ್ಟುಕೋ. ಫೋನಿನಲ್ಲಿ ನೀನು ನನಗೆ ಒಂದು ವಾಕ್ಯ ಮುಗಿಸಲು ಬಿಡುವುದಿಲ್ಲ, ಅದಕ್ಕೇ ಬ್ಲಾಕ್ ಮಾಡಿದ್ದು. ಕಾಗದದಲ್ಲಾದರೂ ನನ್ನ ಮಾತು ಕೊನೆಯವರೆಗೆ ಹೋಗುತ್ತದೆ.

ಯಾಕೆ ಖಾಲಿ ಮಾಡಿಸಿದೆ ಎಂದು ಕೇಳಿದ್ದೀ. ಆ ಬೋಟಿನ ಮಾಲಕನಿಗೆ ಬಯಲಿನಲ್ಲಿ ನಿಲ್ಲಿಸುವುದು ಇಷ್ಟವಿಲ್ಲ. ಧೂಳು ಕೂತು ಬಣ್ಣ ಹಾಳಾಗುತ್ತದಂತೆ. ಮೀನಾ ಅಬ್ದುಲ್ಲಾ ಎಂಬಲ್ಲಿ ಯಾರದೋ ಮುಚ್ಚಿದ ಶೆಡ್ ಹಿಡಿದಿದ್ದ. ಆ ಶೆಡ್ಡಿನವರು ಪೆಟ್ರೋಲ್ ಇರುವ ಬೋಟನ್ನು ಒಳಗೆ ಬಿಡುವುದಿಲ್ಲ. ತುಂಬಿಸಿ ನಿಲ್ಲಿಸುವುದೇ ಸರಿ ಎಂದು ನಾನು ಹೇಳಿದೆ. ವೀಸಾ ಕೊಟ್ಟ ಕಫೀಲ್ ಕೇಳಲಿಲ್ಲ. ಕಂಪನಿ ಅವನದು, ನಾನು ಇಲ್ಲಿರಲು ಬೇಕಾದ ಇಕಾಮಾ ಅವನ ಕೈಯಲ್ಲಿ, ಗಿರಾಕಿ ಅವನ ನೆಂಟ. ನಾನು ಎಷ್ಟು ಸಲ ಹೇಳಲಿ?

ಆದರೂ ಬೆಳಿಗ್ಗೆಯೇ ಹೋಗಿ ಸುಮಿತ್‌ಗೆ ಹೇಳಿದ್ದೆ, ಕೈಪಂಪು ಬರುವವರೆಗೆ ಟ್ಯಾಂಕ್ ಮುಟ್ಟಬೇಡ ಎಂದು. ಪೆಟ್ರೋಲಿನ ಹತ್ತಿರ ಬ್ಯಾಟರಿ ಪಂಪು ತರಬಾರದೆಂದು ಅವನಿಗೆ ಗೊತ್ತಿದೆ, ನಾನೇ ಕಲಿಸಿದ್ದು. ಅವನು ಕಾಯಲಿಲ್ಲ. ಆಮೇಲೆ ಫೋನಿನಲ್ಲಿ ಬೇಗ ಮುಗಿಸು ಎಂದಿರಬಹುದು. ಯಾವ ಫೋರ್‌ಮನ್ ಹಾಗೆ ಹೇಳುವುದಿಲ್ಲ?

ಸಿಗರೇಟು ಹಚ್ಚಿದ್ದನ್ನು ನಾನು ಕಂಡಿಲ್ಲ. ನಾನು ಬರುವಾಗ ಬೋಟ್ ಉರಿಯುತ್ತಿತ್ತು, ನಿಝಾಮ್ ಅವನನ್ನು ಎಳೆದು ಮರಳಿನಲ್ಲಿ ಹೊರಳಿಸುತ್ತಿದ್ದ. ಆದರೆ ಅವನ ಚೀಲದಲ್ಲಿ ಲೈಟರ್ ಸಿಕ್ಕಿತು. ಅದನ್ನು ನಾನು ತಂದಿಟ್ಟೆನಾ? ಮ್ಯಾನೇಜರ್ ಅರಬಿಯಲ್ಲಿ ಬರೆದುಕೊಂಡು ಬಂದ, ನಾನು ಸಹಿ ಹಾಕಿದೆ. ಹಾಕದಿದ್ದರೆ ಅದೇ ಸಂಜೆ ಖಲಾಸ್. ಲಿಜ್ಜಿಯೂ ರಿಯೋನಾಳೂ ನನ್ನ ವೀಸಾದ ಮೇಲೆ ಇರುವವರು. ಮಗಳು ಶಾಲೆಯ ವರ್ಷದ ಮಧ್ಯದಲ್ಲಿದ್ದಾಳೆ. ಅವರನ್ನು ಕರೆದುಕೊಂಡು ನಾನು ಎಲ್ಲಿಗೆ ಹೋಗಲಿ?

ನಿನಗೆ ಸರಕಾರಿ ಆಸ್ಪತ್ರೆಯ ಕೆಲಸ. ಒಬ್ಬಳೇ ಇದ್ದೀ, ಯಾರ ಹೊಟ್ಟೆಯ ಚಿಂತೆಯೂ ಇಲ್ಲ. ಸಿಟ್ಟು ಮಾಡಿಕೊಳ್ಳಲು ನಿನಗೆ ಪುರುಸೊತ್ತಿದೆ.

ಇನ್ನು ಬರೆಯಬೇಡ.

ಲಾಯ್ಡ್


ಫರ್ವಾನಿಯಾ
೧೨ ಡಿಸೆಂಬರ್ ೨೦೨೪

ಲಾಯ್ಡ್,

ಹೌದು, ಒಬ್ಬಳೇ ಇದ್ದೇನೆ. ನಮ್ಮನ್ನು ಹೆತ್ತ ಮಾಂಯ್ ಹಾಸಿಗೆ ಹಿಡಿದಾಗ ಕಿನ್ನಿಗೋಳಿಗೆ ಹೋಗಿ ಅವಳ ಪಕ್ಕ ಕೂರಲು ಸಾಧ್ಯವಾದದ್ದು ನಾನು ಒಬ್ಬಳೇ ಇದ್ದುದರಿಂದಲೇ. ಆಗ ನಿನಗೆ ಅದು ತಪ್ಪಾಗಿ ಕಾಣಲಿಲ್ಲ. ಆ ಮಾತು ಅಲ್ಲಿಗೆ ಬಿಡುತ್ತೇನೆ.

"ಸಿಗರೇಟು ಹಚ್ಚಿದ್ದನ್ನು ನಾನು ಕಂಡಿಲ್ಲ" ಎಂದು ನನಗೆ ಬರೆಯಲು ನಿನಗೆ ಬರುತ್ತದೆ. ಪೊಲೀಸರಿಗೆ ಬರೆಯಲು ಬರುವುದಿಲ್ಲವಾ? ಅರಬಿ ಓದಲು ಬಾರದಿದ್ದರೆ ಏನು ಬರೆದಿದ್ದೀರಿ ಎಂದು ಕೇಳಲು ಬಾಯಿ ಇರಲಿಲ್ಲವಾ? ಬೇಗ ಮುಗಿಸು ಎಂದೆಯಂತೆ. ಕೈಪಂಪು ಇನ್ನೂ ಯಾರ್ಡಿಗೇ ಬಂದಿರಲಿಲ್ಲ. ಯಾವುದರಲ್ಲಿ ಮುಗಿಸಬೇಕಿತ್ತು ಅವನು, ಕೊಳವೆ ಬಾಯಿಗಿಟ್ಟು ಹೀರಿಯಾ?

ನಿನ್ನೆ ಅವನಿಗೆ ಸ್ವರ ಬಂತು, ಒರಟಾಗಿ, ಮುದುಕನ ಹಾಗೆ. ಮೊದಲು ಹೇಳಿದ್ದೇನು ಗೊತ್ತಾ? "ಡೆಲ್ಮಕ್ಕ, ಅಮ್ಮನಿಗೆ ಹೇಳಿ, ನಾನು ಸೇದ್ಲಿಲ್ಲ." ನಿಮ್ಮ ಕಂಪನಿಯವರು ಹೆಜಮಾಡಿಯ ಆ ಹೆಂಗಸಿಗೆ ಫೋನ್ ಮಾಡಿ, ನಿಮ್ಮ ಮಗನದೇ ತಪ್ಪು, ಸಿಗರೇಟಿನಿಂದ ಆದದ್ದು ಎಂದು ಆಗಲೇ ಹೇಳಿಬಿಟ್ಟಿದ್ದಾರೆ. ಮಗ ಬದುಕುತ್ತಾನೋ ಇಲ್ಲವೋ ಎಂದು ಹೇಳುವ ಮೊದಲೇ!

ನೀನು ಬರೆಯಬೇಡ ಎಂದರೆ ನಾನು ನಿಲ್ಲಿಸುವವಳಲ್ಲ. ಆದರೆ ಮುಂದಿನ ಕಾಗದ ನನ್ನದಾಗಿರುವುದಿಲ್ಲ.

ಡೆಲ್ಮಾ


ಆಸ್ಪತ್ರೆ
೨೭ ಡಿಸೆಂಬರ್ ೨೦೨೪

ಲಾಯ್ಡಣ್ಣ,

ಅಕ್ಷರ ಡೆಲ್ಮಕ್ಕನದು, ಮಾತು ಸುಮಿತ್‌ನದು. ನನ್ನ ಎರಡೂ ಕೈ ಬ್ಯಾಂಡೇಜಿನೊಳಗಿವೆ. ಡೆಲ್ಮಕ್ಕ ಡ್ಯೂಟಿ ಮುಗಿಸಿ ಯೂನಿಫಾರ್ಮಿನಲ್ಲೇ ಕುರ್ಚಿ ಎಳೆದುಕೊಂಡು ಕೂತಿದ್ದಾರೆ. ಸೇರಿಸಬೇಡಿ, ಬಿಡಬೇಡಿ ಎಂದು ಹೇಳಿದ್ದೇನೆ. "ನನ್ನ ತಮ್ಮನಿಗೆ ಬೈದ್ರೂ ಬರೀತೇನೆ, ಹೇಳು" ಎಂದಿದ್ದಾರೆ.

ಇಲ್ಲಿಯ ರಜೆಯ ದಿನ, ಆ ಶುಕ್ರವಾರ, ನೀವು ಚರ್ಚಿಗೆ ಹೋಗುವ ಮೊದಲು ಯಾರ್ಡಿಗೆ ಬಂದು ಟ್ಯಾಂಕ್ ಮುಟ್ಟಬೇಡ ಎಂದದ್ದು ನಿಜ. ನಾನು ಮುಟ್ಟಲಿಲ್ಲ. ಗೇಟಿನ ಹತ್ತಿರ ಕೂತು ಹಗ್ಗ ಕತ್ತರಿಸಿ ತುದಿ ಕರಗಿಸುತ್ತಿದ್ದೆ. ಲೈಟರ್ ಅದಕ್ಕೆ. ನೈಲಾನ್ ಹಗ್ಗದ ತುದಿ ಸುಟ್ಟು ಅಂಟಿಸದಿದ್ದರೆ ಎಳೆ ಬಿಟ್ಟುಕೊಳ್ಳುತ್ತದೆ ಎಂದು ಅಂಗಡಿಯಿಂದ ಆ ಲೈಟರ್ ತಂದುಕೊಟ್ಟವರು ನೀವು. ಹಸಿರು ಬಣ್ಣದ್ದು. ಪೊಲೀಸರ ಮೇಜಿನ ಮೇಲೆ ಅದನ್ನು ನೋಡುವಾಗ ನಿಮಗೆ ಗುರುತು ಸಿಗಲಿಲ್ಲವಾ?

ಮಧ್ಯಾಹ್ನ ಮಾಲಕ ಬಂದು ಕೂಗಾಡಿದ. ಸಂಜೆ ಶೆಡ್ ಮುಚ್ಚುತ್ತದೆ, ನಾಳೆ ತನಗೆ ಪ್ರಯಾಣವಿದೆ, ಬೋಟ್ ಯಾಕೆ ಇನ್ನೂ ಇಲ್ಲೇ ಇದೆ ಎಂದು. ನಾನು ನಿಮಗೆ ಫೋನ್ ಮಾಡಿದೆ. ನೀವು ಕಾರಿನಲ್ಲಿದ್ದಿರಿ, ಸ್ಪೀಕರಿನಲ್ಲಿ ಮಾತಾಡುತ್ತಿದ್ದಿರಿ.

"ಕೈಪಂಪು ಬರ್ಲಿಲ್ಲ ಅಣ್ಣ. ಬ್ಯಾಟರಿ ಪಂಪು ಮಾತ್ರ ಉಂಟು. ಎಂತ ಮಾಡ್ಲಿ?"

"ಹೇಗಾದ್ರೂ ಖಾಲಿ ಮಾಡು ಮಾರಾಯ! ಎಲ್ಲದಕ್ಕೂ ನನ್ನನ್ನು ಕೇಳ್ಬೇಡ. ನಾನು ಬರುವಾಗ ಖಲಾಸ್ ಆಗಿರ್ಬೇಕು. ಯಲ್ಲಾ!"

ಬೇಗ ಮುಗಿಸು ಎಂದಿರಬಹುದು ಎಂದು ಬರೆದಿದ್ದೀರಂತೆ. ಹಾಗಲ್ಲ. ನಾನು ಬ್ಯಾಟರಿ ಪಂಪಿನ ಹೆಸರು ಹೇಳಿದ ಮೇಲೆ ನೀವು ಹೇಗಾದರೂ ಎಂದಿರಿ.

ಅರ್ಧ ಟ್ಯಾಂಕ್ ಇಳಿಯುವಾಗ ಪೈಪು ಜಾರಿ ಪೆಟ್ರೋಲ್ ಬೋಟಿನ ತಳಕ್ಕೆ ಚೆಲ್ಲಿತು. ಪಂಪು ನಿಲ್ಲಿಸಿ ಒರೆಸಿದೆ. ಗಾಳಿ ಹೊರಗೆ ಹಾಕುವ ಫ್ಯಾನ್ ಹಾಕೋಣವೆಂದರೆ ಬೋಟಿನ ಬ್ಯಾಟರಿಯನ್ನು ಆಗಲೇ ಬಿಚ್ಚಿದ್ದರು. ಮಾಲಕ ಕೆಳಗಿನಿಂದ ಯಲ್ಲಾ ಯಲ್ಲಾ ಎಂದು ಅವಸರ ಮಾಡುತ್ತಿದ್ದ. ಹೊರಗಿನಿಂದ ತಂದಿದ್ದ ಬ್ಯಾಟರಿಗೆ ಪಂಪಿನ ಕ್ಲಿಪ್ಪನ್ನು ಮತ್ತೆ ಹಚ್ಚಿದೆ. ಒಂದು ಸಣ್ಣ ಕಿಡಿ. ಆಮೇಲೆ ಶಬ್ದ ಕೇಳಲಿಲ್ಲ ಅಣ್ಣ, ಎದುರಿದ್ದ ಗಾಳಿಯೇ ಉರಿಯುತ್ತಿತ್ತು.

ಕ್ಲಿಪ್ ಹಚ್ಚಿದ್ದು ನಾನೇ. ಆಗುವುದಿಲ್ಲ ಎಂದು ಕೈಕಟ್ಟಿ ನಿಲ್ಲಬಹುದಿತ್ತು. ಆ ಸಿಟ್ಟು ನನ್ನ ಮೇಲೆಯೇ ಇದೆ, ದಿನಾ ಇದೆ. ಆದರೆ ಸಿಗರೇಟು? ನನ್ನ ಅಮ್ಮ ಚಂಪಾ ಬೀಡಿ ಕಟ್ಟಿ ನನ್ನನ್ನು ಸಾಕಿದವರು. ಅಪ್ಪ ಅದೇ ಬೀಡಿ ಸೇದಿ ಸೇದಿ ಎದೆ ತೂತಾಗಿ ಹೋದರು. ನಾನು ಮುಟ್ಟುವುದಿಲ್ಲ ಎಂದು ನಿಮಗೆ ಚೆನ್ನಾಗಿ ಗೊತ್ತು. ನಿಮ್ಮ ಪಕ್ಕದಲ್ಲೇ ಕೂತು ಬುತ್ತಿ ತಿಂದವನು ನಾನು. ಮೊನ್ನೆ ಡೆಲ್ಮಕ್ಕ ಫೋನನ್ನು ನನ್ನ ಕಿವಿಗೆ ಹಿಡಿದರು. ಅಮ್ಮ ಅಳಲಿಲ್ಲ. "ಸುಳ್ಳು ಹೇಳ್ಬೇಡ ಮಗಾ, ನೀನೂ ಶುರು ಮಾಡಿದ್ಯಾ?" ಎಂದು ಕೇಳಿದರು. ಇಲ್ಲಮ್ಮ ಎಂದೆ. "ಮತ್ತೆ ಅಷ್ಟು ದೊಡ್ಡವರು ಯಾಕೆ ಸುಳ್ಳು ಹೇಳ್ತಾರೆ?" ಎಂದರು.

ಇನ್ನೊಂದು. ಆ ದಿನ ನಿಮ್ಮ ಕೂಗಿನ ಹಿಂದೆ ರಿಯೋನಾಳ ಸ್ವರ ಕೇಳಿತು: "ಡ್ಯಾಡಾ, ವೈ ಆರ್ ಯೂ ಶೌಟಿಂಗ್?" ಲಿಜ್ಜಿ ಅಕ್ಕ ಅವಳನ್ನು ಸುಮ್ಮನಿರಿಸಿದರು. ನನ್ನ ಫೋನ್ ಬೆಂಕಿಗೆ ಹೋಯಿತು. ನೀವು ಹೇಳಿದ್ದನ್ನು ಕೇಳಿದವರು ನಿಮ್ಮ ಕಾರಿನೊಳಗೇ ಇದ್ದಾರೆ.

ಸುಮಿತ್


ಸಲ್ವಾ
೧೦ ಜನವರಿ ೨೦೨೫

ಡೆಲ್ಮಾ ಬಾಯ್,

ನಿಮ್ಮ ತಮ್ಮನಿಗೆ ಕಾಗದದ ಮೇಲೆ ಕಾಗದ ಬರೆದಿರಿ. ಅದೇ ಮನೆಯಲ್ಲಿ ನಾನೂ ಇದ್ದೇನೆ. ಲಿಜ್ಜಿಗೆ ಏನು ಗೊತ್ತು ಎಂದು ಒಬ್ಬರೂ ಕೇಳಲಿಲ್ಲ. ಕೊನೆಗೆ ನನ್ನ ಮಗಳ ಸ್ವರವನ್ನು ಕಾಗದದಲ್ಲಿ ಹಾಕಿ ಕಳುಹಿಸಿದಿರಿ. ನನಗೆ ಸಿಟ್ಟು ಬಂದಿದೆ. ನಿಮ್ಮ ಮೇಲೂ ಬಂದಿದೆ, ಮುಚ್ಚಿಡುವುದಿಲ್ಲ.

ಅಂದು ನೀವು ಬೆಲ್ ಒತ್ತಿದಾಗ ನಾನು ಬಾಗಿಲಿನ ಹಿಂದೆಯೇ ನಿಂತಿದ್ದೆ. ತೆರೆದರೆ ನೀವು ಕೇಳುತ್ತೀರಿ, ಕೇಳಿದರೆ ನಾನು ಹೇಳಿಬಿಡುತ್ತೇನೆ ಎಂದು ಹೆದರಿಕೆ.

ಸುಮಿತ್‌ನ ಕಾಗದವನ್ನು ಲಾಯ್ಡ್ ಅಡುಗೆಮನೆಯಲ್ಲಿ ನಿಂತೇ ಓದಿದರು. ಆಮೇಲೆ ನನ್ನ ಮುಂದೆ ಎಸೆದು, "ನೋಡು, ನಿನ್ನ ಮಗಳನ್ನೂ ಎಳೆದು ತಂದಿದ್ದಾನೆ" ಎಂದರು. ನಾನು ಒಲೆ ಆರಿಸಿ ಓದಿದೆ.

"ಇದ್ರಲ್ಲಿ ಯಾವುದು ಸುಳ್ಳು?" ಎಂದು ಕೇಳಿದೆ.

"ಸುಳ್ಳು ನಿಜದ ಮಾತಲ್ಲ ಇದು. ನಾಳೆ ನಾವು ಎಲ್ಲಿರ್ತೇವೆ ಅನ್ನೋ ಮಾತು."

"ಆ ಹುಡುಗ ನಾಳೆ ಎಲ್ಲಿರ್ತಾನೆ?"

"ನೀನು ನನ್ನ ಹೆಂಡತಿಯಾ, ಅವನ ವಕೀಲೆಯಾ?"

"ನಾನು ಕಾರಲ್ಲಿ ಇದ್ದವಳು" ಎಂದೆ.

ಅವರು ಬಟ್ಟಲು ಎತ್ತಿ ಸಿಂಕಿಗೆ ಬಡಿದರು. ಚೂರಾಯಿತು. ರಿಯೋನಾ ಕೋಣೆಯಿಂದ ಓಡಿ ಬಂದಳು. ಅವಳ ಮುಖ ನೋಡಿ ನನಗೆ ಅನಿಸಿತು, ಇವಳು ಆ ದಿನ ಕೇಳಿದ ಪ್ರಶ್ನೆಗೆ ನಾವಿಬ್ಬರೂ ಇನ್ನೂ ಉತ್ತರ ಕೊಟ್ಟಿಲ್ಲ. ಆವತ್ತಿನಿಂದ ಅವಳು ಕಾರಿನಲ್ಲಿ ಮಾತಾಡುವುದನ್ನೇ ಬಿಟ್ಟಿದ್ದಾಳೆ. ಇಷ್ಟು ದಿನ ನಾನು ಅದನ್ನು ಕಂಡೂ ಕಾಣದ ಹಾಗೆ ಇದ್ದೆ.

ನಾನು ಅವರಿಗೆ ಸಮಯ ಕೊಟ್ಟಿದ್ದೇನೆ. ಈ ತಿಂಗಳು ಮುಗಿಯುವುದರೊಳಗೆ ಅವರು ಠಾಣೆಗೆ ಹೋಗಿ ನಿಜ ಹೇಳಬೇಕು. ಹೋಗದಿದ್ದರೆ ನಾನು ಹೋಗುತ್ತೇನೆ. ವೀಸಾ ಹೋದರೆ ಹೋಗಲಿ. ಊರಿನಲ್ಲಿ ನನ್ನ ತಂಗಿ ಹೊಲಿಗೆ ಅಂಗಡಿ ಇಟ್ಟಿದ್ದಾಳೆ, ನನಗೂ ಹೊಲಿಯಲು ಬರುತ್ತದೆ.

ಇದನ್ನು ನಿಮಗಾಗಿ ಮಾಡುತ್ತಿಲ್ಲ. ನೀವು ಗೆದ್ದೆ ಎಂದುಕೊಳ್ಳಬೇಡಿ.

ಲಿಜ್ಜಿ


ಸಲ್ವಾ
೧೪ ಜನವರಿ ೨೦೨೫

ಡೆಲ್ಮಾ,

ಸಂತೋಷವಾಯಿತಾ? ಈಗ ನನ್ನ ಹೆಂಡತಿ ಮಗಳ ಕೋಣೆಯಲ್ಲಿ ಮಲಗುತ್ತಾಳೆ. ಊಟ ಬಡಿಸಿ ಎದ್ದು ಹೋಗುತ್ತಾಳೆ. ಸೂಟ್‌ಕೇಸ್ ಕೆಳಗಿಳಿಸಿ ಚಳಿಗಾಲದ ಬಟ್ಟೆ ತುಂಬುತ್ತಿದ್ದಾಳೆ.

ನೀನು ಚಿಕ್ಕಂದಿನಿಂದಲೂ ಹೀಗೇ. ತಪ್ಪು ಮಾಡಿದ್ದು ಯಾರೇ ಇರಲಿ, ಕಿವಿ ಹಿಂಡಿಸಿಕೊಳ್ಳುವವನು ನಾನಾಗಿರಬೇಕು. ಮಾಲಕ ಇಲ್ಲವಾ? ಕಫೀಲ್ ಇಲ್ಲವಾ? ಬರೆದು ತಂದ ಮ್ಯಾನೇಜರ್ ಇಲ್ಲವಾ? ಅವರ ಮನೆಯ ಬೆಲ್ ಒತ್ತಲು ನಿನಗೆ ಧೈರ್ಯವಿಲ್ಲ. ನನ್ನದು ಸುಲಭ. ನಾನು ನಿನ್ನ ತಮ್ಮ.

ನೀನು ನನ್ನ ಮನೆ ಒಡೆದೆ. ಇನ್ನು ನನಗೆ ಅಕ್ಕ ಇಲ್ಲ.

ಲಾಯ್ಡ್


ಸಲ್ವಾ
೯ ಫೆಬ್ರವರಿ ೨೦೨೫

ಸುಮಿತ್,

ನೀನು ಆಸ್ಪತ್ರೆಯಿಂದ ಹೊರಗೆ ಬಂದು ಫರ್ವಾನಿಯಾದಲ್ಲಿ ಊರಿನವರ ಕೋಣೆಯಲ್ಲಿದ್ದೀ ಎಂದು ನಿಝಾಮ್ ಹೇಳಿದ. ಎದುರು ಬಂದರೆ ನೀನು ಬಾಗಿಲು ಹಾಕಬಹುದು. ಹಾಕಿದರೆ ತಪ್ಪಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಜನವರಿಯ ಕೊನೆಗೆ ನಾನು ಠಾಣೆಗೆ ಹೋದೆ. ಮನಸ್ಸಿನಿಂದ ಹೋದೆ ಎಂದು ಬರೆಯುವುದಿಲ್ಲ. ಲಿಜ್ಜಿ ಬೆಳಿಗ್ಗೆ ಸೀರೆ ಉಟ್ಟು, ಪರ್ಸ್ ಹಿಡಿದು, ಬಾಗಿಲಲ್ಲಿ ನಿಂತಿದ್ದಳು. "ನೀವು ಬರ್ತೀರಾ, ನಾನೊಬ್ಬಳೇ ಹೋಗ್ಲಾ?" ಎಂದಳು. ಲಿಫ್ಟಿನವರೆಗೂ ಅವಳ ಮೇಲೆ ಕೂಗಾಡಿದೆ. ಕಾರಿನಲ್ಲಿ ಕೂತ ಮೇಲೆ ಕೂಗಲು ಏನೂ ಉಳಿಯಲಿಲ್ಲ.

ಅಧಿಕಾರಿ ವಯಸ್ಸಾದವರು. ಮೊದಲ ಹೇಳಿಕೆ ತಪ್ಪು ಎಂದು ಬಂದಷ್ಟು ಅರಬಿಯಲ್ಲಿ ಹೇಳಿದೆ. ಸಿಗರೇಟು ನಾನು ಕಂಡಿಲ್ಲ, ಲೈಟರ್ ಹಗ್ಗಕ್ಕೆಂದು ನಾನೇ ಕೊಟ್ಟದ್ದು, ಕೈಪಂಪು ಇಲ್ಲದಾಗ ಖಾಲಿ ಮಾಡು ಎಂದವನೂ ನಾನೇ ಎಂದೆ. ಮಾಲಕನ ಒತ್ತಾಯ, ಕಫೀಲನ ಮಾತು, ಮ್ಯಾನೇಜರ್ ಬರೆದು ತಂದದ್ದು, ಅದನ್ನೂ ಹೇಳಿದೆ. ಅವರು ಎಲ್ಲ ಬರೆದುಕೊಂಡು ತಲೆಯೆತ್ತಿ ಕೇಳಿದರು, "ಫೋನಿನಲ್ಲಿ ಹೇಗೆ ಹೇಳಿದೆ?"

"ಹೇಗಾದರೂ ಖಾಲಿ ಮಾಡು ಎಂದೆ" ಎಂದು ಮೆಲ್ಲಗೆ ಹೇಳಿದೆ.

ಅವರು ಲಿಜ್ಜಿಯ ಕಡೆ ನೋಡಿದರು. "ಹೀಗೇ ಹೇಳಿದ್ದಾ?" ಲಿಜ್ಜಿ ತಲೆ ಅಲ್ಲಾಡಿಸಿದಳು. ಅಲ್ಲ ಎಂದು.

"ಹೇಗೆ ಹೇಳಿದೆಯೋ ಹಾಗೇ ಹೇಳು" ಎಂದರು.

ಅಲ್ಲಿ ಬೇರೆ ಜನರಿದ್ದರು, ಲೈಸೆನ್ಸ್ ಕಳೆದುಕೊಂಡವರು, ಕಾರು ತಾಗಿಸಿಕೊಂಡವರು. ಅವರೆಲ್ಲರ ಮಧ್ಯೆ ನಾನು ಕೂಗಿದೆ. ಆ ದಿನದಂತೆಯೇ, ಯಲ್ಲಾ ಸೇರಿಸಿ. ಹೊರಗಿನಿಂದ ಒಬ್ಬ ಪೊಲೀಸ್ ಓಡಿ ಬಂದ. ಸುಮಿತ್, ನನ್ನ ಸ್ವರ ಹಾಗಿರುತ್ತದೆ ಎಂದು ನನಗೆ ಗೊತ್ತಿರಲಿಲ್ಲ. ಇಷ್ಟು ವರ್ಷ ನೀವೆಲ್ಲ ಅದನ್ನೇ ಕೇಳುತ್ತಾ ನನ್ನ ಜೊತೆ ದುಡಿದಿರಿ. ಆ ಸ್ವರಕ್ಕೆ ಆಗುವುದಿಲ್ಲ ಎಂದು ಉತ್ತರ ಕೊಡಲು ಯಾರಿಗಾಗುತ್ತದೆ?

ನಿನ್ನ ಮೇಲಿನ ಕೇಸು ನಿಲ್ಲುವುದಿಲ್ಲ ಎಂದು ಅಧಿಕಾರಿ ಹೇಳಿದರು. ಈಗ ನನ್ನ ಮೇಲಿದೆ, ಕಂಪನಿಯ ಮೇಲೂ ಇದೆ. ತೀರ್ಪು ಬರುವವರೆಗೆ ನಾನು ಈ ದೇಶ ಬಿಡುವ ಹಾಗಿಲ್ಲ. ಕೆಲಸ ಮರುದಿನವೇ ಹೋಯಿತು. ನಿನ್ನ ಚಿಕಿತ್ಸೆ, ಪರಿಹಾರ ಕಂಪನಿಯ ಹೊಣೆ ಎಂದು ವಕೀಲರು ಹೇಳುತ್ತಾರೆ. ಸಹಿ ಹಾಕು ಎಂದು ಮ್ಯಾನೇಜರ್ ಏನಾದರೂ ತಂದರೆ ಹಾಕಬೇಡ. ಓದಿಸಿ ಕೇಳು.

ಕ್ಷಮಿಸು ಎಂದು ಬರೆದರೆ ನಿನಗೆ ಇನ್ನೂ ಸಿಟ್ಟು ಬರುತ್ತದೆ. ನನಗಾದರೂ ಬರುತ್ತಿತ್ತು.

ಲಾಯ್ಡ್


ಫರ್ವಾನಿಯಾ
೧೬ ಫೆಬ್ರವರಿ ೨೦೨೫

ಲಾಯ್ಡಣ್ಣ,

ನಿಮ್ಮ ಕಾಗದ ಓದಿದೆ. ಪೊಲೀಸರು ಬಂದು ನನ್ನ ಹೇಳಿಕೆಯನ್ನೂ ಮತ್ತೆ ಬರೆದುಕೊಂಡರು. ಈ ಸಲ ಕೊನೆಯವರೆಗೆ ಕೇಳಿದರು.

ಸಿಟ್ಟು ಹೋಗಿಲ್ಲ. ಕನ್ನಡಿ ನೋಡುವಾಗ ಬರುತ್ತದೆ, ಅಂಗಿಯ ಗುಂಡಿ ಹಾಕಲು ಇನ್ನೊಬ್ಬರನ್ನು ಕರೆಯುವಾಗ ಬರುತ್ತದೆ. ಬೆರಳುಗಳು ಅರ್ಧ ಮಡಚುತ್ತವೆ. ವ್ಯಾಯಾಮ ಮಾಡಿದರೆ ಸರಿಯಾಗಬಹುದು ಎಂದು ಡೆಲ್ಮಕ್ಕ ಹೇಳುತ್ತಾರೆ, ಖಂಡಿತ ಎನ್ನುವುದಿಲ್ಲ. ಅವರು ಸುಳ್ಳು ಹೇಳುವವರಲ್ಲ.

ನೀವು ಪೊಲೀಸರಿಗೆ ಹೇಳಿದಿರಿ, ವಕೀಲರಿಗೆ ಹೇಳಿದಿರಿ. ಹೆಜಮಾಡಿಯಲ್ಲಿ ಇನ್ನೂ ನಾನು ಸಿಗರೇಟು ಸೇದಿ ಬೋಟ್ ಸುಟ್ಟವನೇ. ನಾನು ಹೇಳಿದರೆ ಅಮ್ಮ "ಆಯ್ತು ಮಗಾ" ಎನ್ನುತ್ತಾರೆ. ಆ ಆಯ್ತು ನನಗೆ ಬೇಡ. ಫೋನ್ ಮಾಡಿ ಹೇಳಿದವರು ನಿಮ್ಮ ಕಂಪನಿಯವರು. ಅದನ್ನು ತೆಗೆದು ಹಾಕುವವರು ನೀವೇ ಆಗಬೇಕು. ತುಳುವಿನಲ್ಲಿ ಹೇಳಿ, ಅವರಿಗೆ ಕನ್ನಡ ಕಡಿಮೆ. ನಂಬರ್ ಕೆಳಗೆ ಬರೆಸಿದ್ದೇನೆ.

ಮುಂದಿನ ತಿಂಗಳು ನಾನು ಊರಿಗೆ ಹೋಗುತ್ತೇನೆ. ಅದಕ್ಕಿಂತ ಮೊದಲು ಹೇಳಿ. ಏರ್‌ಪೋರ್ಟಿಗೆ ಬರಬೇಡಿ.

ಸುಮಿತ್


ಸಲ್ವಾ
೭ ಮಾರ್ಚ್ ೨೦೨೫

ಬಾಯ್,

ಲಿಜ್ಜಿಯನ್ನೂ ರಿಯೋನಾಳನ್ನೂ ಮೊನ್ನೆ ವಿಮಾನ ಹತ್ತಿಸಿದೆ. ಈ ಮನೆಯನ್ನು ತಿಂಗಳ ಕೊನೆಗೆ ಬಿಡಬೇಕು. ಆಮೇಲಿನ ದಿನಗಳಿಗೆ ನಿಝಾಮ್ ತನ್ನ ಕೋಣೆಯಲ್ಲಿ ಒಂದು ಮಂಚದ ಜಾಗ ಮಾಡಿಕೊಟ್ಟಿದ್ದಾನೆ. ಅವನಿಗೂ ನನ್ನ ಮೇಲೆ ಸಿಟ್ಟಿದೆ.

ನನಗೆ ಅಕ್ಕ ಇಲ್ಲ ಎಂದು ಬರೆದಿದ್ದೆ. ಅದರ ಬಗ್ಗೆ ನೀನು ಒಂದು ಮಾತೂ ಬರೆಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಸುಮಿತ್‌ನ ತಾಯಿಗೆ ಫೋನ್ ಮಾಡಲು ನನಗೆ ಸುಮಾರು ಮೂರು ವಾರ ಹಿಡಿಯಿತು. ಠಾಣೆಗೆ ಹೋಗುವಾಗ ಲಿಜ್ಜಿ ಜೊತೆಗಿದ್ದಳು. ಇದಕ್ಕೆ ಯಾರೂ ಇರಲಿಲ್ಲ. ಇವತ್ತು ಬೆಳಿಗ್ಗೆ ಚಹಾ ಕುಡಿದು, ಕಪ್ ತೊಳೆದಿಟ್ಟು, ಮಾಡಿದೆ.

ಹಿಂದೆ ಕೋಳಿ ಕೂಗುತ್ತಿತ್ತು, ಯಾರೋ ನೀರು ಸೇದುತ್ತಿದ್ದರು. ನಾನು ಯಾರೆಂದು ತುಳುವಿನಲ್ಲಿ ಹೇಳಿದೆ. ನಿಮ್ಮ ಮಗ ಸಿಗರೇಟು ಸೇದಲಿಲ್ಲ, ಆ ಸುಳ್ಳಿಗೆ ಸಹಿ ಹಾಕಿದವನು ನಾನು, ಆ ಕೆಲಸವನ್ನು ಹಾಗೆ ಮಾಡಲು ಹೇಳಿದವನೂ ನಾನೇ ಎಂದೆ. ಮೊದಲೇ ಯೋಚಿಸಿಟ್ಟುಕೊಂಡಿದ್ದ ಮಾತುಗಳು ಅಷ್ಟೇ ಇದ್ದವು, ಅಲ್ಲಿಗೇ ಮುಗಿದವು.

ಆಕೆ ಬೈಯಲು ಶುರು ಮಾಡಿದರು. ಬಾಯ್, ನನಗೆ ಬೈದವರು ಬಹಳ ಮಂದಿ ಇದ್ದಾರೆ, ಆದರೆ ಹಾಗೆ ಯಾರೂ ಬೈದಿಲ್ಲ. ಅವನ ಕೈ ಚಿಕ್ಕಂದಿನಲ್ಲಿ ಹೇಗಿತ್ತು, ಬೀಡಿ ಎಲೆ ಕತ್ತರಿಸುವ ಕತ್ತರಿ ಅವನ ಕೈಗೆ ತಾಗದಂತೆ ಅಟ್ಟದ ಮೇಲೆ ಇಡುತ್ತಿದ್ದದ್ದು, ಅವನ ತಂದೆ ಕೆಮ್ಮಿ ಕೆಮ್ಮಿ ಸತ್ತದ್ದು, ಮೂರು ತಿಂಗಳು ತಾನು ಊರಿನವರ ಮುಂದೆ ತಲೆ ತಗ್ಗಿಸಿ ನಡೆದದ್ದು, ಮೀನಿನ ಮಾರ್ಕೆಟಿಗೆ ಹೋಗುವುದನ್ನೇ ಬಿಟ್ಟದ್ದು. ಕೊನೆಗೆ, "ನನ್ನ ಮಗ ಹೇಳಿದ್ದನ್ನು ನಾನು ನಂಬ್ಲಿಲ್ಲ. ನಿನ್ನ ಸುಳ್ಳನ್ನು ನಂಬಿದೆ. ಇದನ್ನು ನಾನು ಎಲ್ಲಿಗೆ ಕೊಂಡು ಹೋಗ್ಲಿ?" ಎಂದರು. ಈಗ ಅಳುತ್ತಿದ್ದರು.

ನಾನು ಫೋನ್ ಇಡಲಿಲ್ಲ.

ಆಕೆ ಮೂಗು ಎಳೆದುಕೊಂಡು ಕೇಳಿದರು, "ನಿನ್ನ ಅಮ್ಮ ಇದ್ದಾರಾ?"

"ಇಲ್ಲ" ಎಂದೆ. "ತೀರಿಹೋದರು."

"ಇದ್ದಿದ್ರೆ ನಿನ್ನ ಹತ್ರ ಇಷ್ಟು ಮಾತಾಡ್ತಿರ್ಲಿಲ್ಲ" ಎಂದರು. "ಅವರಿಗೇ ಫೋನ್ ಮಾಡಿ ನೀನು ಮಾಡಿದ್ದನ್ನು ಹೇಳ್ತಿದ್ದೆ."

ಫೋನ್ ಇಟ್ಟರು.

ಲಾಯ್ಡ್